ಕುಳಿ ಆಳವೋ, ಅಕ್ಷರ ಆಳವೋ

ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ತುಕ್ಕು ಹಿಡಿದ ಆಯುಧ ಯಾವುದೇ ಕಾಣಿಸಿಕೊಳ್ಳಲಿ, ಅದು ಟಿಪ್ಪು ಕಾಲದ್ದು. ಕತ್ತಿ, ಭರ್ಜಿ ಹೋಗಲಿ, ರಿವಾಲ್ವರಿಗೂ ಈ ಬಿರುದು ತಪ್ಪಿದ್ದಲ್ಲ. ಟಿಪ್ಪು ಕೋಟೆಯೊಳಗೆ ಮಡಿದದ್ದು 1799ರ ಮೇ 4ರಂದು. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟು ಪಡೆದದ್ದು 1836ರಲ್ಲಿ. ನಡುವಿನ ಅಷ್ಟೂ ವರ್ಷಗಳನ್ನು ತುಕ್ಕು ನುಂಗಿ ನೀರು ಕುಡಿದಿರುತ್ತದೆ. ತುಕ್ಕನ್ನು ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಗದ್ದೆಗೆ ನೀರು ಬಿಟ್ಟಾಗ ಗೋಡೆಯ ಬುಡವೆಲ್ಲ ತೇವವಾಗುವ ಮನೆಗಳಲ್ಲಿ, ಎರಡು ಮಳೆಗಾಲ ಟ್ರಂಕಿನ ಮುಚ್ಚಳ ತೆಗೆಯದಿದ್ದರೆ ಸಾಕು, ಮೊನ್ನೆಮೊನ್ನೆಯ ಉಕ್ಕೂ ಪುರಾತನವಾಗುತ್ತದೆ.

ಈ ವಾರ ನನ್ನ ಮುಂದೆ ಬಂದದ್ದು ಪಾಂಡವಪುರದ ಕಡೆಯ ಒಂದು ರಿವಾಲ್ವರು. ಮಾಲೀಕರು ಕಬ್ಬು, ಭತ್ತ ಬೆಳೆಯುವವರು. ತಾತನ ಕಾಲದ ಲೈಸೆನ್ಸು ತಂದೆಗೆ ಬಂದು, ತಂದೆ ತೀರಿಕೊಂಡ ಮೇಲೆ ಅರ್ಜಿ ಹಾಕಿ ಇವರ ಹೆಸರಿಗಾಗಿದೆ. ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ಬೋರಿನ ಮಾರ್ಕ್ 4. ಕುದುರೆಯ ಪಕ್ಕದ ಚಿಲಕ ಒತ್ತಿದರೆ ನಡು ಮುರಿದುಕೊಂಡು ಬಾಗುವ ಜಾತಿ. ಹಳೆಯ ಮನೆತನಗಳಲ್ಲಿ ಕಾಣುವ ವೆಬ್ಲಿಗಳು ಹೆಚ್ಚಾಗಿ .32 ಆಗಿರುವುದಕ್ಕೆ ಕಾರಣವಿದೆ: ಸೈನ್ಯದ .38 ಮತ್ತು .455 ತೋಟಾ ಹಿಡಿಯುವ ರಿವಾಲ್ವರುಗಳನ್ನು ನಮ್ಮ ಕಾನೂನು ನಿಷೇಧಿತ ಬೋರಿನ ಪಟ್ಟಿಗೆ ಸೇರಿಸಿದೆ.

ಸುತ್ತುವ ಕೊಠಡಿಗಳು ಆರೂ ಖಾಲಿ ಎಂಬುದನ್ನು ಖಚಿತಪಡಿಸಿಕೊಂಡು ಕೈಗೆ ತೆಗೆದುಕೊಂಡೆ. ಎಡಮಗ್ಗುಲು ಪರವಾಗಿಲ್ಲ, ಅಲ್ಲಲ್ಲಿ ಕಂದು, ಮಿಕ್ಕಂತೆ ಮಾಸಿದ ನೀಲಿ. ಬಲಮಗ್ಗುಲು ತಿರುಗಿಸಿದರೆ ನಳಿಗೆಯ ಉದ್ದಕ್ಕೂ ಕುಳಿಗಳು. ಅವೂ ಅಡ್ಡಾದಿಡ್ಡಿ ಬಿದ್ದಿರಲಿಲ್ಲ, ಒಂದು ಗೆರೆ ಹಿಡಿದು ಸಾಗಿದ್ದವು. ಚರ್ಮದ ಚೀಲ ತರಿಸಿ ಪಕ್ಕದಲ್ಲಿಟ್ಟು ನೋಡಿದರೆ ಆ ಗೆರೆ ಚೀಲದ ಹೊಲಿಗೆಗೆ ಸರಿಯಾಗಿ ಕೂಡುತ್ತಿತ್ತು. ಹದ ಮಾಡಿದ ಚರ್ಮದಲ್ಲಿ ಹುಳಿ, ಉಪ್ಪು ಎರಡೂ ಉಳಿದಿರುತ್ತವೆ, ಮೇಲಿಂದ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಕೋವಿಯನ್ನು ಚರ್ಮದ ಚೀಲದಲ್ಲಿ ಹಾಕಿ ಭದ್ರವಾಗಿಟ್ಟೆ ಅನ್ನುವವರು ಅದನ್ನು ತುಕ್ಕಿನ ಮಡಿಲಿಗೇ ಹಾಕಿರುತ್ತಾರೆ.

"ಸಾರ್, ಒಂದ್ಸಲ ಬಫ್ ಹೊಡ್ಸಿ ಬ್ಲೂ ಹಾಕ್ಸ್‌ಬುಟ್ರೆ ಹೊಸದ್ರಂಗಾಯ್ತದೆ ಅಲ್ವಾ?"

ಆಗುತ್ತದೆ. ಅದೇ ತಾಪತ್ರಯ.

ಕುಳಿ ಎಂದರೆ ಲೋಹ ಹೋಗಿರುವ ಜಾಗ. ಹೋದದ್ದನ್ನು ಯಾವ ಪಾಲಿಶ್ಶೂ ತಂದುಕೊಡುವುದಿಲ್ಲ. ಪಾಲಿಶ್ ಮಾಡುವವನು ಕುಳಿಯನ್ನು ಮುಚ್ಚುವುದಿಲ್ಲ, ಸುತ್ತಲಿನ ಒಳ್ಳೆಯ ಉಕ್ಕನ್ನೆಲ್ಲ ಕುಳಿಯ ತಳದ ಮಟ್ಟಕ್ಕೆ ಇಳಿಸುತ್ತಾನೆ. ಹಾಗೆ ಇಳಿಸುವಾಗ ಅಂಚುಗಳ ಚೂಪು ಹೋಗುತ್ತದೆ, ಸ್ಕ್ರೂ ಕೂರುವ ತೂತಿನ ಬಾಯಿ ಬಟ್ಟಲಾಗುತ್ತದೆ, ಸಪಾಟಾದ ಮೈ ಅಲೆಅಲೆಯಾಗುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಅಕ್ಷರ. ಆದ್ದರಿಂದ ಹಳೆಯ ರಿವಾಲ್ವರಿಗೆ ಹೊಸ ಮೆರುಗು ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ನನ್ನ ಅಳತೆಗೋಲು ಒಂದೇ. ಹೊಲಿಗೆ ಸೂಜಿಯ ತುದಿಯನ್ನು ಹಗುರವಾಗಿ ಕುಳಿಯೊಳಗೆ ಇಳಿಸಿ, ಆಮೇಲೆ ಕಂಪನಿಯ ಹೆಸರಿನ ಒಂದು ಅಕ್ಷರದೊಳಗೆ ಇಳಿಸಿ. ಕುಳಿ ಹೆಚ್ಚು ಆಳವಾಗಿದ್ದರೆ, ಅದು ಮಾಯವಾಗುವ ಹೊತ್ತಿಗೆ ಅಕ್ಷರ ಯಾವಾಗಲೋ ಮಾಯವಾಗಿರುತ್ತದೆ. ಅಕ್ಷರವೇ ಹೆಚ್ಚು ಆಳವಾಗಿದ್ದರೆ ಮಾತಾಡಲು ಜಾಗವಿದೆ.

ಪಾಂಡವಪುರದ ರಿವಾಲ್ವರಿನಲ್ಲಿ ಅಳಿಯಲು ಇದ್ದದ್ದೇನು? ರೆಕ್ಕೆ ಬಿಚ್ಚಿದ ಗುಂಡಿನ ಚಿತ್ರವಿರುವ ವೆಬ್ಲಿಯ ಮುದ್ರೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅನ್ನುವ ಪುಟ್ಟ ಗುರುತುಗಳು. ಇವು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಒತ್ತಿದವು. 1813ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಬಿರಿಯಲಿಲ್ಲ ಅಂದರೆ ಮಾತ್ರ ಮುದ್ರೆ ಬೀಳುತ್ತದೆ. ಕಿರೀಟದ ಜೊತೆ ಈ ಮೂರು ಜೋಡಿ ಅಕ್ಷರಗಳು ಬಂದದ್ದು 1904ರ ನಿಯಮದಿಂದ, ಬದಲಾದದ್ದು 1954ರಲ್ಲಿ. ಹಾಗಾಗಿ ಅಕ್ಕಿ ಕಾಳಿಗಿಂತ ಚಿಕ್ಕದಾದ ಈ ಗುರುತನ್ನು ಭೂತಗನ್ನಡಿಯಲ್ಲಿ ನೋಡಿ ಕೋವಿ ಯಾವ ಅರ್ಧ ಶತಮಾನದ್ದು ಎಂದು ಹೇಳಬಹುದು. ತುಕ್ಕಿನಿಂದ ಇದನ್ನು ಹೇಳಲು ಬರುವುದಿಲ್ಲ. ಆ ಗುರುತಿನ ಎರಡು ಪಕ್ಕದಲ್ಲೂ ಕುಳಿ ಬಿದ್ದಿತ್ತು, ಗುರುತು ಮಾತ್ರ ನಡುವೆ ಓದುವಂತೆ ಉಳಿದಿತ್ತು. ಬಫಿಂಗ್ ಚಕ್ರಕ್ಕೆ ಒಮ್ಮೆ ಕೊಟ್ಟರೆ ಅದರ ಕಥೆ ಮುಗಿದಂತೆ.

ಇನ್ನು ನಂಬರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ನು ಕೋವಿಯ ಮೇಲಿನ ಗುರುತನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಹೊಳಪಿನ ಹುಚ್ಚಿಗೆ ಬಿದ್ದು ನಂಬರು ಸವೆಸಿಕೊಂಡವನು ಲೈಸೆನ್ಸು ನವೀಕರಣದ ದಿನ ಏನು ತೋರಿಸುತ್ತಾನೆ? ಅದೇ ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಕೋವಿ ರಿಪೇರಿ ಕಸುಬಿಗೂ ಲೈಸೆನ್ಸು ಬೇಕು. ಬೈಕಿನ ಬಂಪರಿಗೆ ನಿಕ್ಕಲ್ ಹಾಕುವ ಅಂಗಡಿಗೆ ರಿವಾಲ್ವರು ಕೊಂಡೊಯ್ಯುವವರಿದ್ದಾರೆ. ದಯವಿಟ್ಟು ಬೇಡ. ಅಂದಹಾಗೆ, ಲೈಸೆನ್ಸುದಾರರು ತೀರಿಕೊಂಡ ಮನೆಯಲ್ಲಿ ಕೋವಿಯ ತುಕ್ಕಿಗಿಂತ ಮೊದಲು ನೋಡಬೇಕಾದದ್ದು ಕಾಗದಪತ್ರ. ವಾರಸುದಾರರ ಹೆಸರಿಗೆ ಲೈಸೆನ್ಸು ಆಗುವವರೆಗೆ ಅದು ಠಾಣೆಯಲ್ಲೋ ಪರವಾನಗಿ ಇರುವ ಡೀಲರರ ಬಳಿಯೋ ಠೇವಣಿ ಇರಬೇಕು.

ನಮ್ಮ ಜನಕ್ಕೆ ಉಜ್ಜುವ ಚಪಲ ಎಲ್ಲಿಂದ ಬಂತು ಎಂದು ನನಗೊಂದು ಅನುಮಾನವಿದೆ. ನಾಗಮಂಗಲ ಹಿತ್ತಾಳೆ, ಕಂಚಿಗೆ ಹೆಸರಾದ ಊರು. ಈ ಸೀಮೆಯ ಮನೆಗಳಲ್ಲಿ ಹಬ್ಬ ಬಂತೆಂದರೆ ದೀಪದ ಕಂಬ, ಚೊಂಬು, ಹರಿವಾಣ ಎಲ್ಲಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಹಿತ್ತಾಳೆ ಅದನ್ನು ತಾಳುತ್ತದೆ, ತಿಕ್ಕಿದಷ್ಟೂ ನಗುತ್ತದೆ. ಅದೇ ಕೈ ಆಯುಧಪೂಜೆಯ ಮುನ್ನಾದಿನ ಅದೇ ಹುಣಸೆಹಣ್ಣಿನೊಂದಿಗೆ ಕೋವಿಗೂ ಹೋದರೆ ಹುಳಿಗೆ ನೀಲಿ ಬಣ್ಣ ಕಿತ್ತುಬರುತ್ತದೆ, ಬೆತ್ತಲಾದ ಉಕ್ಕು ದೀಪಾವಳಿಯೊಳಗೆ ಕೆಂಪಾಗುತ್ತದೆ.

ಆ ನೀಲಿ ಬಣ್ಣ ಲೇಪನವಲ್ಲ. ಬಣ್ಣ ಬಳಿದದ್ದೂ ಅಲ್ಲ. ಅದೂ ಕಬ್ಬಿಣ, ಆಮ್ಲಜನಕ ಸೇರಿ ಆದದ್ದೇ, ಒಂದು ಬಗೆಯಲ್ಲಿ ತುಕ್ಕೇ. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿ ಕೆಳಗಿನ ಲೋಹವನ್ನು ತಿನ್ನುತ್ತ ಹೋಗುತ್ತದೆ. ಕಪ್ಪು-ನೀಲಿ ಆಕ್ಸೈಡು ತೆಳ್ಳಗೆ ಬಿಗಿಯಾಗಿ ಕೂತು, ಎಣ್ಣೆ ಹಿಡಿದುಕೊಂಡು ಕಾಯುತ್ತದೆ. ಹಿಂದಿನವರು ಕೋವಿಗೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ನೀರಿನಲ್ಲಿ ಕುದಿಸಿ ಅದನ್ನು ಕಪ್ಪಾಗಿಸಿ, ಉಕ್ಕಿನ ನಾರಿನಲ್ಲಿ ತಿಕ್ಕಿ, ಮತ್ತೆ ತುಕ್ಕು ಬರಿಸಿ, ಹೀಗೆ ದಿನಗಟ್ಟಲೆ ಮಾಡುತ್ತಿದ್ದರು. ಈಗಿನವರು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ದ್ರಾವಣವನ್ನು 140 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಈ ಬಿಸಿ ದ್ರಾವಣದ ಕೆಲಸ ನನಗೆ ಹಳೆಯ ಕೋವಿಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಅತಿ ಕಪ್ಪು, ಅತಿ ಹೊಳಪು, ಅದರಡಿಯಲ್ಲಿ ಕುಳಿಗಳು ಇನ್ನಷ್ಟು ಎದ್ದು ಕಾಣುತ್ತವೆ. ಹಳೆಯ ಜೋಡುನಳಿಗೆಗಳಲ್ಲಂತೂ ಅಪಾಯವೇ ಇದೆ: ಎರಡು ನಳಿಗೆ ಕೂಡಿಸಿದ ಮೆದು ಬೆಸುಗೆಯನ್ನು ಕಾಸ್ಟಿಕ್ಕು ತಿಂದುಹಾಕುತ್ತದೆ.

ಕಲೆ, ಗಾಯ ಇದ್ದರೆ ಬೆಲೆ ಕುಗ್ಗುತ್ತದೆ ಅನ್ನುವವರಿಗೆ ಶ್ರೀರಂಗಪಟ್ಟಣದ ಒಂದು ಕೋವಿಯ ಸಂಗತಿ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ 1799ರಲ್ಲಿ ಇಲ್ಲಿಂದ ಕೊಂಡೊಯ್ದ ಆಯುಧಗಳು ಇಂಗ್ಲೆಂಡಿನ ಬರ್ಕ್‌ಶೈರಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ, 2019ರ ಮಾರ್ಚಿನಲ್ಲಿ ಹರಾಜಾದವು. ಅವುಗಳಲ್ಲಿ ಬೆಳ್ಳಿ ಕಟ್ಟಿನ, ಬಯೊನೆಟ್ಟು ಸಹಿತ ಚಕಮಕಿ ಕಲ್ಲಿನ ಕೋವಿಯೊಂದಿತ್ತು, ಟಿಪ್ಪುವಿನ ಸ್ವಂತ ಶಸ್ತ್ರಾಗಾರದ್ದು. ಮಸ್ಕೆಟಿನ ಗುಂಡು ತಗುಲಿ ಅದರ ಮರ ಜಖಂ ಆಗಿತ್ತು. ಇನ್ನೂರು ಚಿಲ್ಲರೆ ವರ್ಷ ಯಾರೂ ಅದಕ್ಕೆ ತೇಪೆ ಹಾಕಿರಲಿಲ್ಲ. ಗೋಡೆಯ ಮೇಲಿನ ಅಲಂಕಾರವಾಗಿರದೆ ಯುದ್ಧದ ನಡುವೆಯೇ ಇದ್ದ ಕೋವಿ ಎಂಬುದಕ್ಕೆ ಆ ಜಖಮ್ಮೇ ಸಾಕ್ಷಿ ಎಂದು ಹರಾಜಿನವರು ಎತ್ತಿ ಹೇಳಿದರು. ಹೋದದ್ದು 60,000 ಪೌಂಡಿಗೆ. ಒಳ್ಳೆಯ ಆಚಾರಿಯೊಬ್ಬನ ಕೈಗೆ ಸಿಕ್ಕಿ ಅದು ರಿಪೇರಿಯಾಗಿದ್ದರೆ ಚೆಂದದ ಕೋವಿಗಳ ಸಾಲಿನಲ್ಲಿ ಇನ್ನೊಂದಾಗಿರುತ್ತಿತ್ತು.

ಇನ್ನೊಂದು ತುದಿಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಮೇಲೆ ಬಂದವು. ಅಷ್ಟು ಕಾಲ ಕೆಸರಲ್ಲಿದ್ದ ಕಬ್ಬಿಣದಲ್ಲಿ ಮೂಲದ ಮೈ ಎಲ್ಲಿದೆ ಎಂದು ಹುಡುಕಿದರೆ ಅದು ತುಕ್ಕಿನ ಪದರದೊಳಗೇ ಇರುತ್ತದೆ. ಹೊಳೆಯುವ ಲೋಹ ಸಿಗುವವರೆಗೆ ಕೆರೆದರೆ ಆಕಾರವೇ ಕೈಬಿಡುತ್ತದೆ. ಸಂರಕ್ಷಣೆ ಕಲಿತವರು ಇಂಥ ವಸ್ತುವಿನಲ್ಲಿ ತುಕ್ಕು ತೆಗೆಯುವುದಕ್ಕಿಂತ ತುಕ್ಕನ್ನು ನಿಲ್ಲಿಸಲು ಹೆಣಗುವುದು ಇದಕ್ಕೇ.

ಹಾಗೆಂದು ನಾನು ತುಕ್ಕಿನ ಭಕ್ತನಲ್ಲ. ಕುಳಿ ನೋಡಲು ಚೆಂದವೇನಲ್ಲ, ಅದನ್ನು ಪಾರಂಪರಿಕ ಸೌಂದರ್ಯ ಎಂದು ಕೊಂಡಾಡುವವರ ಮಾತು ನನಗೆ ಅತಿ ಅನ್ನಿಸುತ್ತದೆ. ಹಿಂದೆಯೇ ಯಾರೋ ಉಜ್ಜಿ ಕ್ರೋಮಿಯಂ ಹಾಕಿಸಿ, ಈಗ ಅದು ಹಪ್ಪಳದಂತೆ ಏಳುತ್ತಿದ್ದರೆ ಉಳಿಸಲು ಇನ್ನೇನೂ ಇಲ್ಲ, ಪರವಾನಗಿ ಇರುವ ಕಸುಬುದಾರರ ಹತ್ತಿರ ಧಾರಾಳವಾಗಿ ಮಾಡಿಸಬಹುದು. ಕಾಡುಹಂದಿ ಓಡಿಸಲು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿಟ್ಟುಕೊಂಡ ಸಾಧಾರಣ ಒಂಟಿನಳಿಗೆ, ದಿನಾ ಮಂಜಲ್ಲಿ ಮಳೆಯಲ್ಲಿ ಓಡಾಡುವಂಥದ್ದು, ಅದಕ್ಕೆ ಹೊಸ ಬ್ಲೂ ಹಾಕಿಸುವುದು ಬುದ್ಧಿವಂತಿಕೆ. ಆದರೆ ಅಕ್ಷರ, ನಂಬರು, ಮೂಲದ ನೀಲಿಯ ಒಂದು ಅಂಗೈ ಅಗಲವಾದರೂ ಉಳಿದಿರುವ ಕೋವಿಗೆ ಕೈ ಹಾಕಬಾರದು. ಪಾಂಡವಪುರದ್ದು ಈ ಕೊನೆಯ ಗುಂಪಿನದು.

ಬಫಿಂಗ್ ಬೇಡ ಎಂದ ಮಾತ್ರಕ್ಕೆ ಹಾಗೇ ಬಿಡಿ ಎಂದಲ್ಲ, ಕೆಂಪು ತುಕ್ಕು ಇರುವವರೆಗೆ ಕುಳಿ ಬೆಳೆಯುತ್ತಲೇ ಇರುತ್ತದೆ. ಮಾಲೀಕರ ಎದುರಿಗೇ ಒಂದಿಷ್ಟು ಮಾಡಿ ತೋರಿಸಿದೆ. ತುಕ್ಕಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ನೆನೆಯಲು ಬಿಟ್ಟೆವು. ಆಮೇಲೆ ನನ್ನ ಬಳಿ ಈ ಕೆಲಸಕ್ಕೆಂದೇ ಇರುವ ಹಳೆಯ ತೂತುಕಾಸು ತೆಗೆದೆ. ಎರಡನೇ ಮಹಾಯುದ್ಧದ ಕಾಲದ ಈ ಕಾಸು ಕಂಚಿನದು, ಕೋವಿಯ ಉಕ್ಕಿಗಿಂತ ಮೆದು. ಅದರ ಅಂಚು ತುಕ್ಕನ್ನು ಎಬ್ಬಿಸುತ್ತದೆ, ಉಕ್ಕನ್ನು ಗೀರುವುದಿಲ್ಲ. ಎಣ್ಣೆಯಲ್ಲಿ ಕೆಂಪು ರಾಡಿ ಬಂತು, ಒರೆಸಿ ಮತ್ತೆ ಎಣ್ಣೆ, ಮತ್ತೆ ಕಾಸು. ಬಟ್ಟೆಗೆ ಕೆಂಪು ಹತ್ತುವುದು ನಿಂತು ಬರೀ ಕಪ್ಪು ಹತ್ತಲು ಶುರುವಾದಾಗ ನಿಲ್ಲಿಸಬೇಕು. ಇಲ್ಲೇ ಜನ ತಪ್ಪುವುದು, ಇನ್ನೊಂದಿಷ್ಟು ಉಜ್ಜೋಣ ಅನ್ನುತ್ತಾರೆ. ಎಮರಿ ಕಾಗದವನ್ನಂತೂ ಮನೆಯೊಳಗೇ ತರಬೇಡಿ. ಒಂದು ಗಂಟೆ ಕಳೆಯುವಷ್ಟರಲ್ಲಿ ನಳಿಗೆಯ ಬಲಮಗ್ಗುಲು ಹುಣಸೆಬೀಜದ ಬಣ್ಣಕ್ಕೆ ಬಂತು. ಕುಳಿಗಳು ಇದ್ದಲ್ಲೇ ಇದ್ದವು, ಆದರೆ ಉರಿಯುತ್ತಿರಲಿಲ್ಲ. ಕೊನೆಗೆ ತೆಳುವಾಗಿ ಮೇಣ.

ಕೊಬ್ಬರಿ ಎಣ್ಣೆ ಆಗಲ್ವೇ ಎಂದು ಕೇಳಿದರು. ಆಗಲ್ಲ. ಹಳತಾದರೆ ಕಮಟಿ ಹುಳಿಯಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ.

"ಹಂಗಾದ್ರೆ ಇದ್ರಲ್ಲಿ ಈಡು ಹೊಡೀಬೋದಾ?"

ಹೊರಮೈ ಕುಳಿ ಕಣ್ಣಿಗೆ ಕಾಣುವ ಕೇಡು. ಕೊಠಡಿಗಳ ಒಳಗೋಡೆಯಲ್ಲಿ, ಅದರಲ್ಲೂ ಎರಡು ಕೊಠಡಿಗಳ ನಡುವಿನ ತೆಳು ಜಾಗದಲ್ಲಿ ಕುಳಿ ಬಿದ್ದಿದ್ದರೆ ಬೇರೆಯೇ ಮಾತು. ಹಾರಿಸುವವನ ಮುಖದ ಮುಂದೆಯೇ ಸಿಡಿಯುವ ಜಾಗ ಅದು. ಟಾರ್ಚು ಬಿಟ್ಟು ನೋಡಿದಾಗ ಎರಡು ಕೊಠಡಿಗಳಲ್ಲಿ ಚುಕ್ಕೆಗಳು ಕಂಡವು. ಲೈಸೆನ್ಸು ಇರುವ ಕೋವಿ ರಿಪೇರಿಯವರು ಬಿಚ್ಚಿ, ಅಳತೆ ಹಿಡಿದು ಹೇಳುವವರೆಗೆ ತೋಟಾ ಹಾಕಬೇಡಿ ಎಂದೆ. ನನ್ನನ್ನೇ ಕೇಳಿದರೆ, ಆಮೇಲೂ ಬೇಡ.

ಚರ್ಮದ ಚೀಲವನ್ನು ಬೇರೆಯಾಗಿ ಇಟ್ಟುಕೊಳ್ಳಲಿ, ಅದೂ ತಾತನದೇ ತಾನೆ. ರಿವಾಲ್ವರು ಮಾತ್ರ ಒಣ ಹತ್ತಿ ಬಟ್ಟೆಯಲ್ಲಿ, ಬೀಗ ಇರುವ ಕಬ್ಬಿಣದ ಬೀರುವಿನಲ್ಲಿ, ನೆಲದಿಂದ ಎತ್ತರದ ಖಾನೆಯಲ್ಲಿ ಇರಬೇಕು. ಚುನಾವಣೆ ಬಂದು ಠಾಣೆಗೆ ಠೇವಣಿ ಕೊಡುವ ಹಿಂದಿನ ದಿನ ಒಮ್ಮೆ ಎಣ್ಣೆ, ವಾಪಸು ತಂದ ದಿನ ಇನ್ನೊಮ್ಮೆ. ಆಯುಧಪೂಜೆಗೆ ನಿಂಬೆಹಣ್ಣು ಪಕ್ಕದಲ್ಲಿರಲಿ, ಕೋವಿಯ ಮೇಲೆ ಹಿಂಡುವುದು ಬೇಡ. ಒದ್ದೆ ವಿಭೂತಿ, ಕುಂಕುಮ ಇಡಲೇಬೇಕೆಂದರೆ ಕಪ್ಪು ಹಿಡಿಯ ಮೇಲೆ ಇಟ್ಟು, ಮಂಗಳಾರತಿ ಆದ ಮೇಲೆ ಒರೆಸಿಬಿಡಿ. ಮನೆಯ ಹೆಂಗಸರು ಒಪ್ಪುತ್ತಾರೋ ನೋಡಬೇಕು ಅಂದರು.