ಕನಕನಾಯಕ ಒಲ್ಲೆನೆಂದ ಕನಸು

ಬಾಡದ ದಣ್ಣಾಯಕ ತಿಮ್ಮಪ್ಪನ ಕನಸಿನಲ್ಲಿ ಆದಿಕೇಶವ ಕಾಣಿಸಿಕೊಂಡು ‘ನನ್ನ ದಾಸನಾಗು’ ಎಂದ ಐತಿಹ್ಯ ಹಾವೇರಿ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಕಥೆ ಹೇಳುವವರು ನಡುವಿನ ಒಂದು ಸಂಗತಿಯನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಾರೆ. ತಿಮ್ಮಪ್ಪ ಒಲ್ಲೆ ಎಂದಿದ್ದ. ನೆಲದಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕು ಕನಕನಾಯಕನೆನಿಸಿಕೊಂಡವನು, ವಿಜಯನಗರದ ಪರವಾಗಿ ನಾಡು ಕಾಯುತ್ತಿದ್ದವನು. ತಂಬೂರಿ ಹಿಡಿದು ಊರೂರು ಅಲೆಯುವುದು ಅವನಿಗೆ ಬೇಕಿರಲಿಲ್ಲ. ಕನಸು ಮತ್ತೆ ಬಿತ್ತು, ಮತ್ತೆ ತಳ್ಳಿಹಾಕಿದ. ಯುದ್ಧದಲ್ಲಿ ಮೈತುಂಬ ಗಾಯವಾಗಿ ಹೆಣಗಳ ನಡುವೆ ಬಿದ್ದ ಮೇಲೆಯೇ ಮನಸ್ಸು ತಿರುಗಿದ್ದು. ಅವನು ಕನಕದಾಸನಾದದ್ದು, ಇಂದಿನ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಅವನ ನೆಲೆಯಾದದ್ದು, ಅವನ ಅಂಕಿತದಲ್ಲಿ ಸೇರಿದ್ದು ಆಮೇಲೆ.

ಇದನ್ನು ಇತಿಹಾಸವೆಂದು ಸಾಬೀತು ಮಾಡಲಾಗದು. ಆದರೆ ಕನಸನ್ನು ಓದುವ ಕ್ರಮವಾಗಿ ಇದು ಗಟ್ಟಿಯಾದದ್ದು. ಕನಸು ಅಪ್ಪಣೆ ಕೊಡಿಸಲಿಲ್ಲ, ಪ್ರಶ್ನೆಯೊಂದನ್ನು ಎತ್ತಿತು. ಉತ್ತರ ಎಚ್ಚರದ ಬದುಕಿನಲ್ಲಿ, ನೋವಿನ ಬೆಲೆ ತೆತ್ತು ಸಿಕ್ಕಿತು.

ಜಾತ್ರೆಯ ಅಂಗಡಿಗಳಲ್ಲಿ ಮಾರುವ ಸ್ವಪ್ನಫಲದ ಹೊತ್ತಿಗೆಗಳಿಗೆ ಈ ತಾಳ್ಮೆ ಇಲ್ಲ. ಹಾವು ಕಂಡರೆ ಇಂಥ ಫಲ, ಹಲ್ಲು ಉದುರಿದರೆ ಇಂಥ ಫಲ. ಕಂಡವರು ಯಾರೆಂದು ಅವು ಕೇಳುವುದೇ ಇಲ್ಲ. ಕೆಂಪು ಅಶುಭವೆಂಬ ಮಾತನ್ನೇ ನೋಡಿ. ನಂಬಿಕೆ ಹಳೆಯದು, ವಾಲ್ಮೀಕಿಯ ತ್ರಿಜಟೆಯ ಕನಸಿನಲ್ಲೂ ಅಳಿವಿನತ್ತ ಸಾಗುವ ರಾವಣ ಕೆಂಪುಟ್ಟು ಬರುತ್ತಾನೆ. ಆದರೆ ಸುಗ್ಗಿಯಲ್ಲಿ ಬ್ಯಾಡಗಿಯ ಎಪಿಎಂಸಿ ಯಾರ್ಡಿಗೆ ಕಾಲಿಟ್ಟರೆ ಚೀಲಗಳ ಸಾಲು, ಬಾಯಿ ಬಿಚ್ಚಿದ ಚೀಲಗಳಿಂದ ಇಣುಕುವ ಸುಕ್ಕುಸುಕ್ಕಾದ ಕೆಂಪು ಡಬ್ಬಿ, ಕಡ್ಡಿ ಮೆಣಸಿನಕಾಯಿ, ಮೂಗಿಗೇರುವ ಘಾಟು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಇಲ್ಲಿನ ರೈತನ ಕನಸಿನ ಕೆಂಪು ಮಗಳ ಮದುವೆಯ ಖರ್ಚಾಗಿರಬಹುದು, ತೀರದ ಸಾಲವಾಗಿರಬಹುದು. ಅವನನ್ನು ಕೇಳದೆ ಫಲ ಹೇಳುವುದು ಅನ್ಯಾಯ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎನ್ನುವುದಕ್ಕೂ ಸರಳ ಕಾರಣವಿದೆ. 1953ರಲ್ಲಿ ಷಿಕಾಗೋದ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ, ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ನಿದ್ರೆ ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಅದರಿಂದ ನೇರವಾಗಿ ಎಚ್ಚೆತ್ತವರಿಗೆ ಕನಸು ಮಾಸದೆ ನೆನಪಿರುತ್ತದೆ. ನೆನಪಿದ್ದದ್ದಕ್ಕೆ ಮುಂದೆ ನಡೆದದ್ದನ್ನು ಹೊಂದಿಸುವುದು ಸುಲಭ.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಗೆ ನಡೆಯುವ ಕಾರ್ಣಿಕ ಕನಸಲ್ಲ, ಆದರೂ ಅದರ ನೆಂಟ. ಉಪವಾಸವಿದ್ದ ಗೊರವಪ್ಪ ಬಿಲ್ಲೇರಿ ಒಂದೇ ಒಂದು ನುಡಿ ಆಡುತ್ತಾನೆ. ಅದನ್ನು ರೈತರು ಮಳೆಬೆಳೆಗೆ, ವ್ಯಾಪಾರಿಗಳು ಧಾರಣೆಗೆ, ಉಳಿದವರು ರಾಜಕೀಯಕ್ಕೆ ಅನ್ವಯಿಸಿಕೊಳ್ಳುತ್ತಾರೆ. ಅಲ್ಲಿ ಅರ್ಥ ಹೇಳುವವರು ಸಾವಿರ ಜನ, ಒಬ್ಬರ ಅರ್ಥವನ್ನು ಇನ್ನೊಬ್ಬರು ಅಲ್ಲಗಳೆಯಬಹುದು. ಒಂಟಿಯಾಗಿ ಕನಸಿಗೆ ಅರ್ಥ ಕಟ್ಟಿಕೊಂಡು ಕುಳಿತವರಿಗೆ ಈ ಅನುಕೂಲವಿಲ್ಲ. ಕೆಟ್ಟ ಕನಸು ಬಿತ್ತೆಂದು ನಿಶ್ಚಯವಾದ ಸಂಬಂಧ ಮುರಿಯುವುದು, ಆಪರೇಷನ್ ಮುಂದೂಡುವುದು ಅಪಾಯ. ಆಘಾತದ ನಂತರ ಅದೇ ಭಯದ ಕನಸು ಕಾಡುತ್ತಿದ್ದರೆ ಬೇಕಾದವರು ಮನೋವೈದ್ಯರು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹಾವೇರಿ ಜಿಲ್ಲೆಗೆ ದೂರವೂ ಅಲ್ಲ.

ಕನಕದಾಸರು ಕವಿಯಾಗಿ ಕನಸಿನ ಕಥೆಯನ್ನೂ ಕೈಗೆತ್ತಿಕೊಂಡರು. ಸಾಂಗತ್ಯದಲ್ಲಿರುವ ‘ಮೋಹನತರಂಗಿಣಿ’ಯಲ್ಲಿ ಬಾಣಾಸುರನ ಮಗಳು ಉಷೆಯ ಪ್ರಸಂಗವಿದೆ. ಕನಸಿನಲ್ಲಿ ಬಂದ ತರುಣನಿಗಾಗಿ ಅವಳು ಹಂಬಲಿಸುತ್ತಾಳೆ. ಗೆಳತಿ ಚಿತ್ರಲೇಖೆ ಶಾಸ್ತ್ರ ನೋಡಿ ಫಲ ಹೇಳುವುದಿಲ್ಲ. ವೀರರ ಚಿತ್ರಗಳನ್ನು ಬರೆದು ತೋರಿಸುತ್ತಾಳೆ. ಆರಿಸುವವಳು ಉಷೆಯೇ. ಕನಸು ಕಂಡವರ ಕೈಗೇ ಅರ್ಥವನ್ನು ಬಿಟ್ಟುಕೊಡುವ ಈ ಕ್ರಮ ಯಾವ ಹೊತ್ತಿಗೆಗಿಂತಲೂ ಮೇಲು. ಹಾಗೆ ಗುರುತು ಸಿಕ್ಕವನು ಕೃಷ್ಣನ ಮೊಮ್ಮಗ ಅನಿರುದ್ಧ. ಗುರುತು ಸರಿಯಾಗಿಯೇ ಇತ್ತು. ಆದರೆ ಅವನು ಬಾಣನ ಸೆರೆಗೆ ಬೀಳುವುದನ್ನೂ, ಅವನನ್ನು ಬಿಡಿಸಲು ಕೃಷ್ಣ ದಂಡೆತ್ತಿ ಬರುವುದನ್ನೂ ಉಷೆಯ ಕನಸು ಹೇಳಿರಲಿಲ್ಲ.