ಪ್ರೌಢಶಾಲೆಯಲ್ಲಿ ಬೇಡರ ಕಣ್ಣಪ್ಪ: ಸಾಹಿತ್ಯಪ್ರವೇಶದ ಒಂದು ವಿಚಾರ

ಪ್ರೌಢಶಾಲೆಯ ವಿದ್ಯಾರ್ಥಿಗೆ ಸಾಹಿತ್ಯದ ಪರಿಚಯವು ಬಹುಮಟ್ಟಿಗೆ ಪಠ್ಯಪುಸ್ತಕದಿಂದಲೇ ಆಗತಕ್ಕದ್ದು. ಅದರಲ್ಲಿ ನಾಲ್ಕಾರು ವಚನಗಳು, ಷಟ್ಪದಿಕಾವ್ಯದ ಒಂದು ಭಾಗ, ನವೋದಯದ ಒಂದು ಕವಿತೆ, ಒಂದು ಪ್ರಬಂಧ, ಅನ್ಯಭಾಷೆಯಿಂದ ಬಂದ ಒಂದು ಕಥೆ ಒಂದರ ಪಕ್ಕದಲ್ಲೊಂದು ಕುಳಿತಿರುತ್ತವೆ. ಆದರೆ ಒಂದರೊಡನೊಂದು ಮಾತನಾಡುವುದಿಲ್ಲ. ಪರೀಕ್ಷೆಯು ಕೇಳುವುದು ಸಾರಾಂಶವನ್ನು. ಸಾರಾಂಶಕ್ಕೆ ಇಳಿದೊಡನೆ ವಚನವೂ ಷಟ್ಪದಿಯೂ ಒಂದೇ ಬಗೆಯ ಸಪ್ಪೆ ಗದ್ಯವಾಗುತ್ತವೆ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆಗಳೆಂದು ಪ್ರಸ್ತಾರ ಹಾಕಿ ತೋರಿಸಬಲ್ಲ ಹುಡುಗನಿಗೆ, ಕವಿಯು ಆ ಛಂದಸ್ಸನ್ನು ಏಕೆ ಆರಿಸಿಕೊಂಡನೆಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ಸಾಹಿತ್ಯಪ್ರಕಾರವೆಂದರೆ ಪಾತ್ರೆಯ ಹೆಸರಲ್ಲ, ಕಾಣುವ ಒಂದು ಕ್ರಮ ಎಂಬುದು ತಿಳಿಯಬೇಕಾದರೆ ಒಂದೇ ವಸ್ತುವು ಹಲವು ಪ್ರಕಾರಗಳಲ್ಲಿ ಹಾಯ್ದುಬರುವುದನ್ನು ಅವನು ನೋಡಬೇಕು. ಇದಕ್ಕೆ ಬೇಡರ ಕಣ್ಣಪ್ಪನ ಕಥೆಗಿಂತ ಸಮೀಪದ ನಿದರ್ಶನ ಬೇರೊಂದು ದೊರೆಯುವುದು ಕಷ್ಟ.

ಈ ಕಥೆಯ ನೆಲೆ ಇಂದಿನ ಆಂಧ್ರಪ್ರದೇಶದ ಕಾಳಹಸ್ತಿ. ಹನ್ನೆರಡನೆಯ ಶತಮಾನದ ಶೇಕ್ಕಿಳಾರನು ತಮಿಳಿನ ಪೆರಿಯಪುರಾಣದಲ್ಲಿ ಇದನ್ನು ವಿಸ್ತಾರವಾಗಿ ಹಾಡಿದ್ದಾನೆ. ಕನ್ನಡದಲ್ಲಿ ಹಂಪೆಯ ಹರಿಹರನು ಇದಕ್ಕೆ ರಗಳೆಯ ರೂಪವನ್ನು ಕೊಟ್ಟನು. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಬಸವಪುರಾಣದೊಳಗೆ ದ್ವಿಪದಿಯಲ್ಲಿ ಹೇಳಿದನು. ಹದಿನಾರನೆಯ ಶತಮಾನದ ಧೂರ್ಜಟಿಯು ಪ್ರಬಂಧಕಾವ್ಯದ ವೈಭವದಲ್ಲಿ ವರ್ಣಿಸಿದನು. ಸಂಸ್ಕೃತದ ಶಿವಾನಂದಲಹರಿಯು ಒಂದೇ ಶ್ಲೋಕದಲ್ಲಿ ಈ ವನಚರನನ್ನು ನಿಲ್ಲಿಸಿದೆ. 1954ರಲ್ಲಿ ಇದೇ ಕಥೆ ಕನ್ನಡದ ಚಲನಚಿತ್ರವಾಗಿ, ಅಕ್ಷರ ಬಾರದವರ ಮನೆಮಾತೂ ಆಯಿತು.

ಇವುಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕಾಣುವುದೇನು? ರಗಳೆಗೆ ಪದ್ಯದ ಕಟ್ಟೆಯಿಲ್ಲ. ಎರಡೆರಡು ಸಾಲು ಪ್ರಾಸದಿಂದ ಕೂಡಿಕೊಂಡು ಮುಂದಿನ ಎರಡನ್ನು ನೂಕುತ್ತ ಹರಿಯುತ್ತವೆ. ನಿಂತು ಯೋಚಿಸಲು ಕೇಳುಗನಿಗೆ ಎಡೆಯೇ ಇಲ್ಲ. ಹಿಂದುಮುಂದು ನೋಡದ ಬೇಡನ ಮುಗ್ಧಭಕ್ತಿಗೆ ಈ ತಡೆಯಿಲ್ಲದ ಓಟವೇ ತಕ್ಕ ನಡೆ. ಷಟ್ಪದಿಯಾದರೋ ಆರು ಸಾಲಿಗೊಮ್ಮೆ ನಿಲ್ಲುತ್ತದೆ, ಉಸಿರು ಎಳೆದುಕೊಳ್ಳುತ್ತದೆ, ಸಭೆಯನ್ನು ನೋಡುತ್ತದೆ. 1369ರಲ್ಲಿ ಭೀಮಕವಿಯು ಸೋಮನಾಥನ ಬಸವಪುರಾಣವನ್ನು ಕನ್ನಡಕ್ಕೆ ತಂದಾಗ ದ್ವಿಪದಿಯ ಸ್ಥಾನದಲ್ಲಿ ಭಾಮಿನಿಯನ್ನು ಇಟ್ಟನು. ಎರಡು ಸಾಲಿನ ದೇಸಿಯ ನಡಿಗೆಯು ಆರು ಸಾಲಿನ ದೇಸಿಯ ನಡಿಗೆಯಾಯಿತು. ಭಾಷಾಂತರವೆಂದರೆ ಶಬ್ದಕ್ಕೆ ಶಬ್ದವಲ್ಲ, ನಡೆಗೆ ನಡೆಯನ್ನು ಹುಡುಕುವುದು ಎಂಬ ಪಾಠ ಇಲ್ಲಿದೆ. ಇನ್ನು ವಚನದ ರೀತಿಯೇ ಬೇರೆ. ಶರಣರು ಪುರಾತನರನ್ನು ನೆನೆಯುವಾಗ ಕಥೆ ಹೇಳುವುದಿಲ್ಲ; ಹೆಸರೊಂದನ್ನು ಉಚ್ಚರಿಸಿ ಮುಂದೆ ಸಾಗುತ್ತಾರೆ. ಕೇಳುವವನಿಗೆ ಕಥೆ ಗೊತ್ತಿದೆಯೆಂಬ ವಿಶ್ವಾಸದ ಮೇಲೆ ವಚನದ ಸಂಕ್ಷಿಪ್ತತೆ ನಿಂತಿದೆ. ಇಂದಿನ ವಿದ್ಯಾರ್ಥಿಗೆ ಆ ಕಥೆಯೇ ತಿಳಿಯದು. ಆದುದರಿಂದ ಅವನ ಪಾಲಿಗೆ ವಚನವು ಸುಲಭವೂ ಅಲ್ಲ, ಗಹನವೂ ಅಲ್ಲ, ಬರಿಯ ಮೌನ. ಪುರಾಣವನ್ನು ಓದಿಸದೆ ವಚನವನ್ನು ಮಾತ್ರ ಬಾಯಿಪಾಠ ಮಾಡಿಸುವುದು ಬೀಗವನ್ನು ಕೊಟ್ಟು ಬೀಗದ ಕೈಯನ್ನು ಮರೆತಂತೆ.

ಇಲ್ಲಿ ಒಂದು ತೊಡಕು ಏಳುತ್ತದೆ. ಅದನ್ನು ಮುಚ್ಚಿಡುವುದು ವಿಮರ್ಶೆಗೆ ಶೋಭೆಯಲ್ಲ. ಕಣ್ಣಪ್ಪನು ಶಿವನಿಗೆ ಅರ್ಪಿಸಿದ್ದು ತಾನು ಬೇಟೆಯಾಡಿ ಬೇಯಿಸಿ, ರುಚಿ ನೋಡಿ ಆರಿಸಿದ ಮಾಂಸ; ಅಭಿಷೇಕಕ್ಕೆ ತಂದದ್ದು ಬಾಯಿಯಲ್ಲಿ ತುಂಬಿಕೊಂಡ ನೀರು. ಲಿಂಗಪೂಜೆಯ ಮಡಿಯಲ್ಲಿ ಬೆಳೆದ ಮನೆಗಳಿಗೆ ಈ ಮಾತು ಮುಜುಗರವನ್ನು ತರುವುದು ಸಹಜ. ಆದಕಾರಣ ಮಕ್ಕಳಿಗೆ ಹೇಳುವಾಗ ಮಾಂಸವನ್ನು ಹಣ್ಣುಹಂಪಲನ್ನಾಗಿ ಮಾರ್ಪಡಿಸಿ, ಕಣ್ಣು ಕಿತ್ತ ಪ್ರಸಂಗವೊಂದನ್ನೇ ಉಳಿಸಿಕೊಳ್ಳುವ ಮನಸ್ಸು ಹುಟ್ಟುವುದುಂಟು. ಹಾಗೆ ಮಾಡಿದರೆ ಉಳಿಯುವುದು ತ್ಯಾಗದ ಒಂದು ನೀತಿಕಥೆ, ಕಾವ್ಯವಲ್ಲ.

ಈ ಮುಜುಗರವನ್ನು ಶೇಕ್ಕಿಳಾರನು ಅರಿಯದವನಲ್ಲ. ಅದಕ್ಕಾಗಿಯೇ ಅವನು ಕಾವ್ಯದೊಳಗೆ ಶಿವಗೋಚರಿ ಎಂಬ ಅರ್ಚಕನನ್ನು ತಂದಿದ್ದಾನೆ. ಗುಡಿಯಲ್ಲಿ ಮಾಂಸವನ್ನು ಕಂಡು ಅವನು ತಲ್ಲಣಿಸುತ್ತಾನೆ, ಶುದ್ಧಿ ಮಾಡುತ್ತಾನೆ, ಮರುದಿನ ಮತ್ತೆ ಅದನ್ನೇ ಕಾಣುತ್ತಾನೆ. ಶಿವನು ಅವನನ್ನು ಶಪಿಸುವುದಿಲ್ಲ. ಕನಸಿನಲ್ಲಿ ಬಂದು, ಮರೆಯಲ್ಲಿ ನಿಂತು ನೋಡೆನ್ನುತ್ತಾನೆ. ಲಿಂಗದ ಕಣ್ಣಿನಿಂದ ನೆತ್ತರು ಸುರಿದಾಗ ಬೇಡನು ತನ್ನ ಕಣ್ಣನ್ನು ಕಿತ್ತಿಡುವುದನ್ನೂ, ಎರಡನೆಯದನ್ನು ಕೀಳುವ ಮುನ್ನ ಗುರುತಿಗಾಗಿ ಕಾಲನ್ನೂರುವುದನ್ನೂ ಆ ಅರ್ಚಕನೇ ನೋಡುತ್ತಾನೆ. ಅಸಹ್ಯಪಡುವ ಓದುಗನಿಗೂ ಕಾವ್ಯದೊಳಗೆ ಒಂದು ಸ್ಥಾನವುಂಟು. ಅದು ಅರ್ಚಕನು ನಿಂತ ಆ ಮರೆ. ಅಲ್ಲಿ ನಿಂತವನಿಗೆ ಮಾತ್ರ ದೃಷ್ಟಿ ಬದಲಾಗುವ ಅನುಭವ ಲಭಿಸುತ್ತದೆ. ಮಾಂಸವನ್ನು ಅಳಿಸಿದರೆ ಅರ್ಚಕನ ತಲ್ಲಣ ಅಳಿಯುತ್ತದೆ, ತಲ್ಲಣವಿಲ್ಲದೆ ಪರಿವರ್ತನೆಯಿಲ್ಲ. ಕಣ್ಣಪ್ಪನ ನಡೆ ಅನುಕರಣೆಗೆ ಹೇಳಿದ ವಿಧಿಯಲ್ಲ. ವಿಧಿಗಳನ್ನು ತಿಕ್ಕಿ ನೋಡುವ ಒರೆಗಲ್ಲು. ಈ ವಿವೇಕವನ್ನು ಹದಿನಾಲ್ಕು ಹದಿನೈದು ವಯಸ್ಸಿನ ಮನಸ್ಸು ಗ್ರಹಿಸಲಾರದೆಂದು ತಿಳಿಯುವುದು ಮಕ್ಕಳಿಗೂ ಪುರಾತನರಿಗೂ ಮಾಡುವ ಅನ್ಯಾಯ.

ಸ್ವಂತದ್ದನ್ನು ಹೀಗೆ ಓದಿದವನಿಗೆ ಅನ್ಯದೇಶದ ಸಾಹಿತ್ಯವು ಪರಕೀಯವೆನಿಸದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲ 1842ರಲ್ಲಿ ಪ್ರಕಟವಾದ ಬ್ರೌನಿಂಗ್ ಕವಿಯ ಇಂಗ್ಲಿಷ್ ಕವಿತೆ; ಅದರ ಹಿಂದಿರುವುದು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯ. ವೇಸರ್ ನದಿಯ ದಡದ ಇಲಿಗಳು ತುಂಗೆಯ ತೀರಕ್ಕೆ ಬಂದವು. ಊರು, ನದಿ, ಜೋಗಿಯ ವೇಷ ಬದಲಾದರೂ ಕೊಟ್ಟ ಮಾತಿಗೆ ತಪ್ಪಿದ ಹಿರಿಯರು ಮಕ್ಕಳನ್ನು ಕಳೆದುಕೊಳ್ಳುವ ದುರಂತ ಬದಲಾಗಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಲ್ಲಿ ಕಂಡದ್ದೂ ಇದೇ ಮಾರ್ಗದಲ್ಲಿ. ಕಾಳಹಸ್ತಿಯ ಕಥೆ ತಮಿಳು, ತೆಲುಗು, ಕನ್ನಡಗಳಲ್ಲಿ ಸಂಚರಿಸಿದ್ದನ್ನು ತಿಳಿದ ವಿದ್ಯಾರ್ಥಿಗೆ ಈ ಸಂಚಾರ ಹೊಸದಲ್ಲ. ಮೊದಲು ಸ್ವಂತದ್ದು, ಅನಂತರ ಅನ್ಯರದು ಎಂಬ ವಾದ ಇಲ್ಲಿ ಸಡಿಲವಾಗುತ್ತದೆ. ಸ್ವಂತದ್ದೆಂದು ಎದೆಗೊತ್ತಿಕೊಂಡದ್ದೇ ಮೂರು ಭಾಷೆಗಳ ಕೂಡುಬಾಳಿನಿಂದ ಬಂದುದು.

ಇದಕ್ಕೆ ದೊಡ್ಡ ಗ್ರಂಥಭಂಡಾರವೇನೂ ಬೇಡ. ರಗಳೆಯ ಇಪ್ಪತ್ತು ಸಾಲು, ಷಟ್ಪದಿಯ ಎರಡು ಪದ್ಯ, ಒಂದು ವಚನ, ತಮಿಳು ಕಥೆಯ ಗದ್ಯಾನುವಾದದ ಒಂದು ಪುಟ ಇಷ್ಟಿದ್ದರೆ ಒಂದು ವಾರದ ಪಾಠಕ್ಕೆ ಸಾಕು. ಬೇಕಾದುದು ಅವುಗಳನ್ನು ಗಟ್ಟಿಯಾಗಿ ಓದಿಸುವ, ಮಕ್ಕಳ ಮುಜುಗರದ ಪ್ರಶ್ನೆಗೆ ಹೆದರದ ಉಪಾಧ್ಯಾಯ. ಕನಸಿನ ಮಾತನ್ನು ಕೇಳಿ ಮರೆಯಲ್ಲಿ ನಿಂತ ಅರ್ಚಕನ ತಾಳ್ಮೆ ಅವನಲ್ಲಿದ್ದರೆ, ನೋಡಬೇಕಾದುದನ್ನು ಕಾವ್ಯವೇ ತೋರಿಸುತ್ತದೆ.