ಅಜ್ಜನ ಹುಲಿಯಾಟ, ಮೆಕ್ಕೆಜೋಳದ ತೂಕ

ಬನಶಂಕರಿ ಜಾತ್ರೆಗೆ ಬಂದಳಿಕೆಗೆ ಹೋಗಿದ್ದಾಗ ಅಕ್ಕ ಒಂದು ಪಾಂಪ್ಲೆಟ್ ತಂದು ಕೈಗಿಟ್ಟಳು. "ತಮ್ಮಾ, ನೀನು ಕಂಪ್ಯೂಟರ್ ಓದಿದವನು. ಇದು ಹೌದಾ ನೋಡು." ಮಿಡ್‌ಬ್ರೈನ್ ಆಕ್ಟಿವೇಶನ್ ಅಂತೆ. ಎರಡು ದಿನ ಕ್ಲಾಸು, ಆಮೇಲೆ ಮನೇಲಿ ಮೊಬೈಲ್ ಗೇಮು. ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬಣ್ಣ ಗುರುತಿಸುತ್ತೆ, ನೆನಪಿನ ಶಕ್ತಿ ಹೆಚ್ಚುತ್ತೆ. ಫೀಸು 15,000. ಅಳಿಯ ಏಳನೇ ಕ್ಲಾಸು, ಗಣಿತದಲ್ಲಿ ಹಿಂದೆ. ಶುಂಠಿ ದುಡ್ಡು ಕೈಗೆ ಬಂದಿತ್ತು, ಅಕ್ಕ ಕಟ್ಟೋದೇ ಅಂತ ಹೆಚ್ಚುಕಮ್ಮಿ ತೀರ್ಮಾನ ಮಾಡಿಯಾಗಿತ್ತು.

ಬಟ್ಟೆ ಕಟ್ಟೋ ವಿಚಾರ ಬೇಗ ಮುಗಿಸ್ತೀನಿ. ಮಕ್ಕಳು ನೋಡೋದು ಮೂಗಿನ ಪಕ್ಕದ ಸಂದಿಯಿಂದ ಅಂತ ಮಂಗಳೂರಿನ ನರೇಂದ್ರ ನಾಯಕ್ ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಮಿಡ್‌ಬ್ರೈನ್ ಅನ್ನೋದು ಕಣ್ಣುಗುಡ್ಡೆ ತಿರುಗಿಸೋಕೆ, ನಮ್ಮನ್ನು ಎಚ್ಚರವಾಗಿಡೋಕೆ ಬೇಕಾದ ಭಾಗ. ಅದು ಆಕ್ಟಿವೇಟ್ ಆಗಿರದಿದ್ದರೆ ಅಳಿಯ ಜಾತ್ರೇಲಿ ಮಂಡಕ್ಕಿ ತಿನ್ನುತ್ತಾ ಓಡಾಡ್ತಿರಲಿಲ್ಲ, ಆಸ್ಪತ್ರೇಲಿ ಇರ್ತಿದ್ದ.

ನನ್ನನ್ನು ಚುಚ್ಚಿದ್ದು ಬೇರೆ ವಿಷಯ. ಇದೇ ಸರಕನ್ನು ಚಂದದ ಪ್ಯಾಕಿಂಗ್‌ನಲ್ಲಿ ನಾನೂ ಕೊಂಡಿದ್ದೆ. ಬ್ರೈನ್ ಟ್ರೈನಿಂಗ್ ಆ್ಯಪ್, ವರ್ಷದ ಸಬ್‌ಸ್ಕ್ರಿಪ್ಷನ್. ಅದರಲ್ಲಿ ಎನ್-ಬ್ಯಾಕ್ ಅಂತ ಒಂದು ಆಟ: ಪರದೆ ಮೇಲೆ ಚೌಕ ಹಾರ್ತಾ ಇರುತ್ತೆ, ಎರಡು ಹೆಜ್ಜೆ ಹಿಂದೆ ಇದೇ ಜಾಗದಲ್ಲಿತ್ತಾ ಅಂತ ಹೇಳಬೇಕು. ಆಮೇಲೆ ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಮೂರು ತಿಂಗಳಲ್ಲಿ ನನ್ನ ಸ್ಕೋರು ಏರಿದ್ದೇ ಏರಿದ್ದು. ಆಫೀಸಲ್ಲಿ ಮಾತ್ರ ಬ್ರೌಸರ್‌ನಲ್ಲಿ ಹೊಸ ಟ್ಯಾಬ್ ತೆಗೆದು, ಯಾಕೆ ತೆಗೆದೆ ಅಂತ ಯೋಚಿಸ್ತಾ ಕೂರೋದು ಹಾಗೇ ಇತ್ತು.

ಈ ಆಟಕ್ಕೆ ಹೆಸರು ಬಂದದ್ದು 2008ರಲ್ಲಿ. ಸುಸಾನೆ ಯೆಗ್ಗಿ ತಂಡ, ಇದನ್ನು ಅಭ್ಯಾಸ ಮಾಡಿದವರ ಬುದ್ಧಿಶಕ್ತಿಯೇ ಹೆಚ್ಚಿತು ಅಂತ ಪ್ರಕಟಿಸಿತು. ಆದರೆ 2010ರಲ್ಲಿ ಏಡ್ರಿಯನ್ ಓವೆನ್ ಬಿಬಿಸಿ ಜೊತೆ ಸೇರಿ 11,430 ಜನರಿಗೆ ಆರು ವಾರ ಬೇರೆ ಬೇರೆ ಬ್ರೈನ್ ಗೇಮ್ ಆಡಿಸಿದಾಗ ಕಂಡದ್ದು ಇಷ್ಟು: ಆಡಿದ ಆಟದಲ್ಲಿ ಎಲ್ಲರೂ ಚುರುಕಾದರು, ಆಡದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಹತ್ತು ನಿಮಿಷದಂತೆ ವಾರಕ್ಕೆ ಮೂರು ಸಲ ಆಡಿಸಿದರೆ ಇನ್ನೇನಾಗುತ್ತೆ ಅಂತ ಟೀಕೆ ಬಂತು, ನ್ಯಾಯವಾದ ಟೀಕೆಯೇ. ಆದರೆ 2013ರಲ್ಲಿ ಥಾಮಸ್ ರೆಡಿಕ್ ತಂಡ ಎನ್-ಬ್ಯಾಕನ್ನೇ 20 ಸಲ ಕೂರಿಸಿ ಆಡಿಸಿದಾಗಲೂ ಬುದ್ಧಿ ಕದಲಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಓವರ್‌ಫಿಟ್ಟಿಂಗ್. ಟ್ರೈನಿಂಗ್ ಡೇಟಾ ಮೇಲೆ ನೂರಕ್ಕೆ ನೂರು, ಪ್ರೊಡಕ್ಷನ್‌ಗೆ ಹಾಕಿದರೆ ಮಕಾಡೆ.

ಅಜ್ಜ ನೆನಪಾದ. ಕಲ್ಲುಚಪ್ಪಡಿ ಮೇಲೆ ಇದ್ದಿಲಲ್ಲಿ ಗೀಟೆಳೆದು ಹುಲಿ-ಕುರಿ ಆಡ್ತಿದ್ದ. ಅವನ ಕುರಿಗಳು ಹುಲಿಯನ್ನು ಕಟ್ಟಿಹಾಕೋದನ್ನು ನೋಡೋಕೆ ಪಕ್ಕದ ಊರಿಂದ ಜನ ಬರ್ತಿದ್ರು. ನಾಲ್ಕು ನಡೆ ಮುಂದಿನದು ಅವನಿಗೆ ಕಾಣ್ತಿತ್ತು. ಅದೇ ಅಜ್ಜ ಮೆಕ್ಕೆಜೋಳ ಮಾರೋಕೆ ಹೋದರೆ ತೂಕದಲ್ಲಿ ಮೋಸ ಹೋಗದೆ ವಾಪಸ್ ಬಂದ ವರ್ಷ ಇಲ್ಲ. ಅಜ್ಜಿ ಬೈಯೋಳು, "ಆ ಹುಲಿ ಕಟ್ಟೋ ಬುದ್ಧಿನ ಒಂಚೂರು ಇಲ್ಲೂ ಓಡಿಸಬಾರದಾ?" 1901ರಲ್ಲೇ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಅಜ್ಜಿಗೆ ಉತ್ತರ ಬರೆದಿದ್ದರು: ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಹರಿಯಬೇಕಾದರೆ ಎರಡರಲ್ಲೂ ಒಂದೇ ಥರದ ಅಂಶಗಳಿರಬೇಕು.

ಹಾಗಾದರೆ "ನನಗೆ ಉಪಯೋಗ ಆಯ್ತು" ಅನ್ನೋರೆಲ್ಲ ಸುಳ್ಳಾ? ಅಲ್ಲ. ನನಗೆ ತುಂಬಾ ಇಷ್ಟವಾದ ಪ್ರಯೋಗ ಸೈರಸ್ ಫರೂಗಿ ತಂಡದ್ದು, 2016ರದ್ದು. ಎರಡು ಥರದ ಪೋಸ್ಟರ್ ಅಂಟಿಸಿ 50 ಜನರನ್ನು ಕರೆದರು. ಒಂದರಲ್ಲಿ ಬುದ್ಧಿ ಹೆಚ್ಚಿಸೋ ತರಬೇತಿ ಅಂತ, ಇನ್ನೊಂದರಲ್ಲಿ ಬರೀ ಅಧ್ಯಯನಕ್ಕೆ ಬನ್ನಿ ಅಂತ. ಇಬ್ಬರಿಗೂ ಕೊಟ್ಟದ್ದು ಒಂದೇ ಆಟ, ಒಂದೇ ಗಂಟೆ. ಮೊದಲ ಪೋಸ್ಟರ್ ನೋಡಿ ಬಂದವರ ಐಕ್ಯೂ 5ರಿಂದ 10 ಅಂಕ ಏರಿತು, ಉಳಿದವರದ್ದು ಇದ್ದಲ್ಲೇ ಇತ್ತು. ಅಂದರೆ ಕೆಲಸ ಮಾಡಿದ್ದು ಪಾಂಪ್ಲೆಟ್! ಈ ಕ್ಷೇತ್ರದ ಸಂಶೋಧನೆಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಮಾತ್ರೆ ಪರೀಕ್ಷೆ ಮಾಡುವಾಗ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸಬಹುದು. ಆಟದಲ್ಲಿ ಹಾಗಾಗಲ್ಲ, ತಾನು ಯಾವ ಆಟ ಆಡ್ತಿದ್ದೀನಿ ಅಂತ ಆಡೋನಿಗೆ ಗೊತ್ತೇ ಇರುತ್ತೆ. ಆ ನಿರೀಕ್ಷೆಯನ್ನು ಅಳೆಯದೆ ಬರೆದ ಪೇಪರ್‌ಗಳೇ ಹೆಡ್‌ಲೈನ್ ಆಗ್ತವೆ, ಹೆಡ್‌ಲೈನ್ ಆ್ಯಪ್ ಆಗುತ್ತೆ. ಲುಮಾಸಿಟಿ ಕಂಪನಿ ತನ್ನ ಜಾಹೀರಾತಿನ ಮಾತುಗಳಿಗಾಗಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ತೆತ್ತಿತು.

ತಲೆಗೆ ಕರೆಂಟ್ ಕೊಡೋ ಹೆಡ್‌ಸೆಟ್ಟನ್ನು 2013ರಿಂದಲೇ ಗೇಮ್ ಆಡೋರಿಗೆ ಅಂತ ಮಾರಿದವರಿದ್ದಾರೆ. ಹಣೆಗೆ ಒಂದೆರಡು ಮಿಲಿಆಂಪ್. ಇದೇ ವಿಧಾನವನ್ನು ನಮ್ಮ ನಿಮ್ಹಾನ್ಸ್‌ನಲ್ಲಿ, ಇಲ್ಲದ ದನಿ ಕೇಳಿಸಿಕೊಳ್ಳೋ ಸ್ಕಿಜೋಫ್ರೀನಿಯಾ ರೋಗಿಗಳ ಮೇಲೆ, ವೈದ್ಯರ ಕಣ್ಣೆದುರು, ಲೆಕ್ಕವಿಟ್ಟು ಪರೀಕ್ಷಿಸಿದ್ದಾರೆ. ಅದು ಚಿಕಿತ್ಸೆಯ ಹುಡುಕಾಟ. ಆರೋಗ್ಯವಂತರಿಗೆ ಒಂದು ಸಲ ಕೊಟ್ಟರೆ ಬುದ್ಧಿಯ ಮೇಲೆ ನೆಚ್ಚಬಹುದಾದ ಪರಿಣಾಮ ಸಿಗಲಿಲ್ಲ ಅಂತ 2015ರಲ್ಲಿ ಹಾರ್ವತ್ ತಂಡ ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿ ಹೇಳಿತು. ಎರಡನ್ನೂ ಬೆರೆಸಿ ಆಸ್ಪತ್ರೆಯ ಮರ್ಯಾದೆಯನ್ನು ಗ್ಯಾಜೆಟ್‌ಗೆ ಹಚ್ಚೋದು ನನಗೆ ಆ ಬಟ್ಟೆ ಕಟ್ಟೋ ಕ್ಲಾಸಿಗಿಂತ ಕೆಟ್ಟದಾಗಿ ಕಾಣುತ್ತೆ.

ಇಷ್ಟೆಲ್ಲ ಅಕ್ಕನಿಗೆ ಹೇಳಿದೆ, ಓವರ್‌ಫಿಟ್ಟಿಂಗ್ ಬಿಟ್ಟು. ಅವಳು ಕೇಳಿದ್ದು ಒಂದೇ: "ಹಂಗಾದ್ರೆ ನೀನ್ಯಾಕೆ ದುಡ್ಡು ಕಟ್ಟಿದ್ದೆ?"

ಉತ್ತರ ಇರಲಿಲ್ಲ. "ಸರಿ, ಕ್ಲಾಸಿಗೆ ಕಳ್ಸಲ್ಲ. ಗಣಿತ ಯಾರು ಹೇಳಿಕೊಡ್ತಾರೆ, ನೀನಾ?" ಅಂದಳು.

ಈಗ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲು. ಊರಲ್ಲಿ ಸಿಗ್ನಲ್ ಸಿಗೋದು ಮನೆ ಹಿಂದಿನ ಕಣದಲ್ಲಿ ಮಾತ್ರ, ಅಳಿಯ ಅಲ್ಲೇ ನೋಟ್‌ಬುಕ್ ಹಿಡಿದು ಕೂರ್ತಾನೆ. ಮೊನ್ನೆ 2/3ಕ್ಕೆ 1/4 ಕೂಡಿಸಿ 3/7 ಅಂದ. ಅಕ್ಕನಿಗೆ ಎರಡು ರೊಟ್ಟಿ ತರೋಕೆ ಹೇಳಿದೆ.